ಕಥೆ ಬಾರದ ಬುಧವಾರ

ಲಂಡನ್ನಿನಲ್ಲಿ ಎಂಟು ದಿನ ಇದ್ದೆ. ಸೇತುವೆ, ಅರಮನೆ, ಗಡಿಯಾರದ ಗೋಪುರ ಎಲ್ಲ ನೋಡಿದ್ದಾಯಿತು. ಆದರೆ ಮನಸ್ಸು ಈಗಲೂ ಸುತ್ತುವುದು ವೆಸ್ಟ್ ಡಲ್ವಿಚ್‌ನ ಒಂದು ಮನೆಯನ್ನು. ಜೆರಾಲ್ಡ್ ವೆಲ್ಸ್ ಎಂಬ ರೇಡಿಯೋಪ್ರೇಮಿ ತಾವು ಹುಟ್ಟಿದ ಮನೆಯನ್ನೇ ಹಳೆಯ ರೇಡಿಯೋಗಳ ಮ್ಯೂಸಿಯಂ ಮಾಡಿದ್ದರು. ಅವರು 2014ರಲ್ಲಿ ತೀರಿಕೊಂಡರು. ನಾನು ಹೋದದ್ದು 2019ರಲ್ಲಿ.

ಹೋಗುವವರು ಮೊದಲೇ ಫೋನ್ ಮಾಡಿ. ವಿಕ್ಟೋರಿಯಾ ಸ್ಟೇಷನ್ನಿನಿಂದ ರೈಲಿನಲ್ಲಿ ಸ್ವಲ್ಪವೇ ದೂರ. ಆದರೆ ಭಾನುವಾರವಾದರೆ ಹಳಿ ರಿಪೇರಿ ಇದೆಯೇ ಎಂದು ವಿಚಾರಿಸಿಕೊಳ್ಳಿ. ನನ್ನನ್ನು ಬದಲಿ ಬಸ್ಸಿಗೆ ಹತ್ತಿಸಿ ಒಂದು ಗಂಟೆ ಸುತ್ತಿಸಿದರು. ಆ ಒಂದು ಗಂಟೆ ಆ ಮನೆಯಲ್ಲಿ ಕಳೆಯಬಹುದಿತ್ತಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಒಳಗೆ ಕಾಲಿಟ್ಟಲ್ಲೆಲ್ಲ ರೇಡಿಯೋ. ತೋರಿಸುತ್ತಿದ್ದ ಹಿರಿಯ ಹೆಂಗಸು ಬುಷ್ ಕಂಪನಿಯ ಕಂದು ಸೆಟ್ಟೊಂದರ ಕಿವಿ ತಿರುಗಿಸಿ, "ತಾಳಿ, ಒಳಗಿನ ಗಾಜಿನ ವಾಲ್ವ್ ಬಿಸಿಯಾಗಬೇಕು" ಎಂದರು. ದೀಪ ಹತ್ತಿತು, ಬಿಸಿ ಧೂಳಿನ ವಾಸನೆ ಬಂತು. ಗಾಜಿನ ಮೇಲೆ ಊರುಗಳ ಹೆಸರು: ಹಿಲ್ವರ್ಸಮ್, ಲಕ್ಸೆಂಬರ್ಗ್. ನಡುವೆ ಬಿಬಿಸಿಯ ಆಗಿನ ಮೂರು ನಿಲಯಗಳು: ಲೈಟ್, ಹೋಮ್, ಥರ್ಡ್. ಮುಳ್ಳು ಸರಿಸುತ್ತ ಊರೂರು ದಾಟುವ ಆ ಸುಖ ಇಂದಿನ ಗುಂಡಿ ಒತ್ತುವುದರಲ್ಲಿ ಎಲ್ಲಿದೆ?

"ನಮ್ಮಮ್ಮ ಗಡಿಯಾರ ನೋಡುತ್ತಲೇ ಇರಲಿಲ್ಲ" ಎಂದರು ಆಕೆ. ಒಂಬತ್ತು ದಾಟಿದರೆ ಗೃಹಿಣಿಯರು ಪತ್ರ ಬರೆದು ಕೇಳಿದ ಹಾಡುಗಳು, ಆಗ ಪಾತ್ರೆ ತೊಳೆಯುವುದು. ಹತ್ತೂವರೆಗೆ ಕಾರ್ಖಾನೆ ಕೆಲಸಗಾರರಿಗೆಂದು 1940ರಲ್ಲಿ ಯುದ್ಧದ ನಡುವೆ ಶುರುವಾದ ಸಂಗೀತ, ಆಗ ಕಸ ಗುಡಿಸುವುದು. ಒಂದೂಮುಕ್ಕಾಲಿಗೆ ಪುಟ್ಟ ಮಕ್ಕಳ ಕಥೆ: "ಆರಾಮಾಗಿ ಕೂತಿದ್ದೀರಾ? ಹಾಗಾದರೆ ಶುರು ಮಾಡ್ತೀನಿ." ಎರಡಕ್ಕೆ ಹೆಂಗಸರ ಕಾರ್ಯಕ್ರಮ, ಸಂಜೆ ಏಳಕ್ಕೆ ಕಾಲು ಗಂಟೆ ಇರುವಾಗ ಹಳ್ಳಿಯ ಧಾರಾವಾಹಿ 'ಆರ್ಚರ್ಸ್'.

ಆಮೇಲೆ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

"1952ರ ಫೆಬ್ರವರಿ 6, ಬುಧವಾರ. ನನಗೆ ನಾಲ್ಕು ವರ್ಷ. ಹನ್ನೊಂದೂಕಾಲಿಗೆ ದೊರೆ ತೀರಿಕೊಂಡರೆಂದು ಹೇಳಿದರು. ಅಮ್ಮ ಒದ್ದೆ ಕೈಯಲ್ಲೇ ಕೂತುಬಿಟ್ಟಳು. ನನಗೇನು ಗೊತ್ತು? ನಾನು ಒಂದೂಮುಕ್ಕಾಲಿಗೆ ಕುರ್ಚಿ ಎಳೆದುಕೊಂಡು ಕೂತೆ. ಕಥೆ ಬರಲೇ ಇಲ್ಲ."

ಆ ದೊರೆ ಆರನೆಯ ಜಾರ್ಜ್‌ನ ಸಾವಿನ ಸುದ್ದಿ ಓದಿದವರು ಬಿಬಿಸಿಯ ಜಾನ್ ಸ್ನ್ಯಾಗ್. ಅದಾದ ಮೇಲೆ ಬಿಬಿಸಿ ಉಳಿಸಿಕೊಂಡದ್ದು ವಾರ್ತೆ ಮತ್ತು ಹಡಗಿನವರ ಹವಾಮಾನ ವರದಿಗಳನ್ನು ಮಾತ್ರ. ಮಿಕ್ಕದ್ದೆಲ್ಲ ಮೌನ.

ನನ್ನ ಮನೆಯಲ್ಲೂ ಅಂಥದೊಂದು ಬುಧವಾರವಿತ್ತು, 1984ರ ಅಕ್ಟೋಬರ್ 31. ಇಂದಿರಾ ಗಾಂಧಿ ತೀರಿಕೊಂಡದ್ದನ್ನು ಆಕಾಶವಾಣಿ ಸಂಜೆಯವರೆಗೂ ಹೇಳಲಿಲ್ಲ. ಅಪ್ಪ ಶಾರ್ಟ್‌ವೇವ್‌ನಲ್ಲಿ ಬಿಬಿಸಿ ಹಿಡಿದು ಕೇಳಿದರು. ಆಮೇಲೆ ಬರೀ ಶೋಕಸಂಗೀತ. ಮಕ್ಕಳ ಕಾರ್ಯಕ್ರಮವೂ ಇಲ್ಲ.

ಇದನ್ನು ಆಕೆಗೆ ಹೇಳಿದೆ. "ನಿಮ್ಮೂರಿಗೆ ನಮ್ಮ ಬಿಬಿಸಿ ಕೇಳಿಸುತ್ತಿತ್ತೇ?"

"ಕೇಳಿಸುತ್ತಿತ್ತು. ಊರಿನ ಹೆಸರು ಚಿಂತಾಮಣಿ."

ಆಕೆ ಆ ಹೆಸರನ್ನು ಎರಡು ಸಲ ಹೇಳಿಸಿಕೊಂಡು, ತಾವೂ ಮೆಲ್ಲಗೆ ಉಚ್ಚರಿಸಿ ನೋಡಿದರು.

ಹನ್ನೆರಡಾಗುತ್ತಿತ್ತು. ಆಕೆ ಲಾಂಗ್‌ವೇವ್‌ಗೆ ಹೊರಳಿಸಿ ಮುಳ್ಳನ್ನು 1500 ಮೀಟರಿನ 'ಲೈಟ್' ಬಳಿ ತಂದರು. ಲೈಟ್ ಪ್ರೋಗ್ರಾಂ 1967ರಲ್ಲೇ ಮುಗಿದಿದೆ. ನಾನು ಹೋದಾಗ ಅದರ ಜಾಗದಲ್ಲಿ ಬರುತ್ತಿದ್ದದ್ದು ಬಿಬಿಸಿಯ ರೇಡಿಯೋ 4. ಗರಗರದ ನಡುವೆ ಹಡಗಿನವರ ಹವಾಮಾನ ವರದಿ: ಒಂದು ನಿಧಾನದ ದನಿ ಕಡಲಿನ ಪ್ರದೇಶಗಳ ಹೆಸರುಗಳನ್ನು ಓದುತ್ತ ಬಂತು: ಡಾಗರ್, ಫಿಶರ್, ಜರ್ಮನ್ ಬೈಟ್.

"ಅವತ್ತು ಇದನ್ನು ನಿಲ್ಲಿಸಲಿಲ್ಲ ನೋಡಿ, ಕಡಲಿನಲ್ಲಿ ಜನ ಇರ್ತಾರಲ್ಲ" ಎಂದರು. "ಆಗ ಜರ್ಮನ್ ಬೈಟ್ ಅಂತ ಇರಲಿಲ್ಲ. ಹೆಲಿಗೋಲೆಂಡ್ ಅಂತಿದ್ದರು."

ವರದಿ ಮುಗಿಯುವವರೆಗೆ ನಾವಿಬ್ಬರೂ ನಿಂತೇ ಕೇಳಿದೆವು.