ಸ್ನಾಯು ಬೆಳೆಸಿದವರನ್ನು ಬಿಎಂಐ ಎಷ್ಟು ಸರಿಯಾಗಿ ಅಳೆಯುತ್ತದೆ?

ಆರೋಗ್ಯ ತಪಾಸಣೆಯ ವರದಿ ಕೈಗೆ ಬಂದಾಗ ರಕ್ತದ ಅಂಕಿಗಳಿಗಿಂತ ಮೊದಲು ಕಣ್ಣಿಗೆ ಬೀಳುವುದು ಬಿಎಂಐ, ಅಂದರೆ ದೇಹ ತೂಕದ ಸೂಚ್ಯಂಕ. ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಈ ಅಂಕಿ 18.5ರಿಂದ 25ರೊಳಗೆ ಇದ್ದರೆ ಸಹಜ, 25 ಮುಟ್ಟಿದರೆ ಅಧಿಕ ತೂಕ, 30 ಮುಟ್ಟಿದರೆ ಬೊಜ್ಜು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆ. ಭಾರತೀಯರಿಗೆ ಈ ಗೆರೆಗಳನ್ನು ಇನ್ನೂ ಕೆಳಗೆ ಎಳೆಯಲಾಗಿದೆ. 2009ರ ಸುಮಾರಿಗೆ ನಮ್ಮ ವೈದ್ಯರು ಒಮ್ಮತದಿಂದ ರೂಪಿಸಿದ ಮಾರ್ಗಸೂಚಿಯ ಪ್ರಕಾರ 23ಕ್ಕೇ ಅಧಿಕ ತೂಕ, 25ಕ್ಕೇ ಬೊಜ್ಜು. ಸಾಮಾನ್ಯ ಭಾರತೀಯನ ಮಟ್ಟಿಗೆ ಈ ಬಿಗಿ ಬಹಳ ಅಗತ್ಯವಾದದ್ದು. ಆದರೆ ವರ್ಷಗಟ್ಟಲೆ ಸಾಮು ಮಾಡಿ, ಭಾರ ಎತ್ತಿ ಮೈ ಕಟ್ಟಿಕೊಂಡ ಭಾರತೀಯನಿಗೆ ಇದೇ ಬಿಗಿಯಿಂದ ಅನ್ಯಾಯವಾಗುತ್ತಿದೆ, ಮತ್ತು ಆ ಅನ್ಯಾಯವನ್ನು ಸರಿಪಡಿಸುವ ಉಪಾಯ ತೀರಾ ಸುಲಭವಾಗಿದ್ದರೂ ನಾವು ಅದನ್ನು ಬಳಸುತ್ತಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ನನ್ನ ಚಿಕ್ಕಪ್ಪನ ಮಗ ದಾವಣಗೆರೆಯ ಒಂದು ಜಿಮ್‌ನಲ್ಲಿ ತರಬೇತುದಾರ. ಅವನ ಎತ್ತರ 170 ಸೆಂ.ಮೀ., ತೂಕ 78 ಕೆ.ಜಿ. 1.70ರ ವರ್ಗ 2.89, 78ನ್ನು ಅದರಿಂದ ಭಾಗಿಸಿದರೆ 27. ಕುಟುಂಬಕ್ಕೆಂದು ಆರೋಗ್ಯ ವಿಮೆ ಮಾಡಿಸಲು ಹೋದಾಗ ವಿಮಾ ಕಂಪನಿಯೊಂದು ಈ ಒಂದೇ ಅಂಕಿಯನ್ನು ಮುಂದಿಟ್ಟುಕೊಂಡು ಅವನ ಪ್ರೀಮಿಯಂ ಹೆಚ್ಚಿಸಿತು. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ಎಲ್ಲವೂ ಸರಿಯಾಗಿದ್ದವು. ಸೊಂಟದ ಸುತ್ತಳತೆಯನ್ನು ಯಾರೂ ತೆಗೆದುಕೊಳ್ಳಲಿಲ್ಲ, ಏಕೆಂದರೆ ಫಾರಂನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. "ಅಕ್ಕಾ, ತೂಕ ಇಳಿಸಿಕೊಂಡು ಬಂದರೆ ಮುಂದಿನ ವರ್ಷ ನೋಡೋಣ ಅಂದ್ರು. ಎಲ್ಲಿಂದ ಇಳಿಸಲಿ?" ಎಂದು ಅವನು ಕೇಳಿದ. ಅದು ಕೋಪದಲ್ಲಿ ಕೇಳಿದ ಪ್ರಶ್ನೆಯಾಗಿದ್ದರೂ ಲೆಕ್ಕ ಹಾಕಿ ಉತ್ತರಿಸಬೇಕಾದ ಪ್ರಶ್ನೆಯೂ ಹೌದು. ಮೂಳೆಯ ಸಾಂದ್ರತೆ ನೋಡಲು ಬಳಸುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಅವನ ದೇಹದ ಕೊಬ್ಬು 15% ಎಂದು ಬಂದಿತ್ತು. ಎಂದರೆ 78 ಕೆ.ಜಿ.ಯಲ್ಲಿ ಕೊಬ್ಬು ಸುಮಾರು 11.7 ಕೆ.ಜಿ.; ಉಳಿದ 66.3 ಕೆ.ಜಿ. ಸ್ನಾಯು, ಮೂಳೆ, ಅಂಗಾಂಗ, ನೀರು. ಅವನ ಎತ್ತರಕ್ಕೆ ಬಿಎಂಐ 23 ಆಗಬೇಕಾದರೆ ತೂಕ 66.5 ಕೆ.ಜಿ.ಗೆ ಇಳಿಯಬೇಕು. ಮೈಯಲ್ಲಿರುವ ಕೊಬ್ಬನ್ನು ಹೆಚ್ಚುಕಡಿಮೆ ಪೂರ್ತಿ ಕರಗಿಸಿದರಷ್ಟೇ ಆ ತೂಕ ಬರುತ್ತದೆ, ಮತ್ತು ಕೊಬ್ಬೇ ಇಲ್ಲದೆ ಯಾವ ಮನುಷ್ಯನೂ ಬದುಕಲಾರ. ಹಾಗಾಗಿ ಕಾಗದದ ಮೇಲೆ ಆರೋಗ್ಯವಂತನೆನಿಸಿಕೊಳ್ಳಲು ಅವನಿಗೆ ಉಳಿದಿರುವ ದಾರಿ ಒಂದೇ: ಸ್ನಾಯುವನ್ನು ಕಳೆದುಕೊಳ್ಳುವುದು. ಆರೋಗ್ಯದ ಹೆಸರಿನಲ್ಲಿ ಒಬ್ಬ ಮನುಷ್ಯನನ್ನು ಅನಾರೋಗ್ಯದ ಕಡೆಗೆ ತಳ್ಳುವ ಅಳತೆಗೋಲನ್ನು ಒಪ್ಪಿಕೊಳ್ಳುವುದು ನನ್ನಿಂದ ಸಾಧ್ಯವಾಗುತ್ತಿಲ್ಲ.

ಈ ಸೂತ್ರದ ಹುಟ್ಟಿನಲ್ಲಿ ವೈದ್ಯಕೀಯದ ಪಾತ್ರವೇ ಇರಲಿಲ್ಲ. ಬೆಲ್ಜಿಯಂನ ಖಗೋಳ ವಿಜ್ಞಾನಿ ಮತ್ತು ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟಲೆ 1830ರ ದಶಕದಲ್ಲಿ 'ಸರಾಸರಿ ಮನುಷ್ಯ'ನ ಲಕ್ಷಣಗಳನ್ನು ಹುಡುಕುತ್ತಿದ್ದಾಗ, ವಯಸ್ಕರ ತೂಕ ಅವರ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದನ್ನು ಗಮನಿಸಿದರು. ಯಾರು ಬೊಜ್ಜಿನವರು, ಯಾರು ರೋಗಿಗಳು ಎಂಬ ವಿಚಾರಣೆ ಅವರಿಗೆ ಬೇಕಿರಲಿಲ್ಲ. ತೂಕವನ್ನು ಸಾವಿನ ಸಂಭವದ ಜೊತೆ ಜೋಡಿಸಿ ಪಟ್ಟಿ ಮಾಡಿದವರಲ್ಲಿ ಮುಖ್ಯರು ಅಮೆರಿಕದ ಜೀವ ವಿಮಾ ಕಂಪನಿಗಳು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ 'ಅಪೇಕ್ಷಣೀಯ ತೂಕ'ದ ಕೋಷ್ಟಕಗಳು ಅಲ್ಲಿಂದಲೇ ಬಂದವು. 1972ರಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಗಂಡಸರ ಅಳತೆಗಳನ್ನು ಪರಿಶೀಲಿಸಿ, ಆಗ ಚಾಲ್ತಿಯಲ್ಲಿದ್ದ ಬೇರೆ ಸೂತ್ರಗಳಿಗಿಂತ ಕೆಟಲೆಯ ಸೂತ್ರ ತುಸು ಮೇಲು ಎಂದು ತೋರಿಸಿ, ಅದಕ್ಕೆ ಇಂದಿನ ಹೆಸರನ್ನು ಕೊಟ್ಟರು. ದೊಡ್ಡ ಜನಸಮೂಹವನ್ನು ಅಧ್ಯಯನ ಮಾಡುವವರಿಗೆ ಅದು ಇಂದಿಗೂ ಒಳ್ಳೆಯ ಸಾಧನ. ಒಂದು ಜಿಲ್ಲೆಯಲ್ಲಿ ಹತ್ತು ವರ್ಷಗಳಲ್ಲಿ ಜನರ ಸರಾಸರಿ ಬಿಎಂಐ ಏರಿದ್ದರೆ ಅಲ್ಲಿ ಬೊಜ್ಜು ಹೆಚ್ಚಿದೆ ಎನ್ನಲು ಯಾರೂ ಹಿಂಜರಿಯಬೇಕಾಗಿಲ್ಲ, ಏಕೆಂದರೆ ಒಂದಿಡೀ ಜಿಲ್ಲೆ ಒಟ್ಟಿಗೆ ಜಿಮ್ ಸೇರುವುದಿಲ್ಲ. ತೊಡಕು ಬರುವುದು ಅದೇ ಅಂಕಿಯನ್ನು ಒಬ್ಬನ ಹಣೆಗೆ ಅಂಟಿಸಿದಾಗ.

ಸ್ನಾಯು ಕೊಬ್ಬಿಗಿಂತ ಬಹಳ ಭಾರ, ಅದಕ್ಕೇ ಬಿಎಂಐ ದಾರಿ ತಪ್ಪುತ್ತದೆ ಎಂಬ ವಿವರಣೆ ಜಿಮ್‌ಗಳಲ್ಲಿ ಸದಾ ಕೇಳಿಬರುತ್ತದೆ. ಸ್ನಾಯುವಿನ ಸಾಂದ್ರತೆ ಒಂದು ಮಿಲಿಲೀಟರಿಗೆ ಸುಮಾರು 1.06 ಗ್ರಾಂ, ಕೊಬ್ಬಿನದು ಸುಮಾರು 0.9 ಗ್ರಾಂ, ವ್ಯತ್ಯಾಸ ಇದೆ, ಆದರೆ ಅಷ್ಟೊಂದು ದೊಡ್ಡದಲ್ಲ. ನಿಜವಾದ ಕಾರಣ ಇದಕ್ಕಿಂತ ಸರಳ. ತಕ್ಕಡಿ ಒಟ್ಟು ತೂಕವನ್ನಷ್ಟೇ ಹೇಳುತ್ತದೆ. ಹೊಟ್ಟೆಯೊಳಗೆ ಯಕೃತ್ತು, ಕರುಳಿನ ಸುತ್ತ ಕೂತಿರುವ ಐದು ಕೆ.ಜಿ. ಕೊಬ್ಬಿಗೂ ತೊಡೆ, ಬೆನ್ನಿನಲ್ಲಿ ಸೇರಿದ ಐದು ಕೆ.ಜಿ. ಸ್ನಾಯುವಿಗೂ ಅದು ಭೇದ ಮಾಡುವುದಿಲ್ಲ. ದೇಹಕ್ಕಾದರೋ ಇವೆರಡೂ ತದ್ವಿರುದ್ಧ. ಊಟದ ನಂತರ ರಕ್ತಕ್ಕೆ ಬರುವ ಗ್ಲೂಕೋಸ್‌ನ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯು. ಇನ್ಸುಲಿನ್ ತನ್ನ ಕೆಲಸ ಮಾಡದಂತೆ ತಡೆಯುವುದು ಹೊಟ್ಟೆಯೊಳಗಿನ ಕೊಬ್ಬು.

ಭಾರತೀಯರಿಗೆ ಗೆರೆಯನ್ನು ಏಕೆ ಕೆಳಗಿಳಿಸಿದರು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ನನ್ನ ವಾದದ ತಿರುಳು ಅದರಲ್ಲಿದೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಫೋಟೊ ಪ್ರಕಟವಾಯಿತು. ಅದರಲ್ಲಿದ್ದವರು ಇಬ್ಬರು ವೈದ್ಯ ವಿಜ್ಞಾನಿಗಳು: ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಕೂಡ 22.3, ಒಂದಿಷ್ಟೂ ವ್ಯತ್ಯಾಸವಿಲ್ಲ. ಆದರೆ ಯುಡ್ಕಿನ್ ಅವರ ದೇಹದ ಕೊಬ್ಬು 9.1% ಇದ್ದರೆ ಯಾಜ್ಞಿಕ್ ಅವರದು 21.2%. ನೋಡಲು ತೆಳ್ಳಗಿದ್ದು ಒಳಗೆ ಕೊಬ್ಬು ತುಂಬಿಕೊಂಡಿರುವ ಭಾರತೀಯ ದೇಹದ ಸ್ವಭಾವವನ್ನು ಇದಕ್ಕಿಂತ ಚೊಕ್ಕವಾಗಿ ತೋರಿಸಿದ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ, ತೂಕ 'ನಾರ್ಮಲ್', ನಲವತ್ತರೊಳಗೇ ಸಕ್ಕರೆ ಕಾಯಿಲೆ: ಇಂಥ ಒಬ್ಬ ಮಾವನೋ ಭಾವನೋ ಇಲ್ಲದ ಮನೆ ನಮ್ಮಲ್ಲಿ ಅಪರೂಪ. ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಎಂಬ ಈ ಸರಾಸರಿ ಭಾರತೀಯನನ್ನು ಮನಸ್ಸಿನಲ್ಲಿಟ್ಟುಕೊಂಡೇ 23 ಮತ್ತು 25ರ ಗೆರೆಗಳನ್ನು ಎಳೆಯಲಾಯಿತು, ಮತ್ತು ಅದು ಸರಿಯಾಗಿಯೇ ಇದೆ. ನನ್ನ ತಮ್ಮನ ವಿಷಯದಲ್ಲಿ ಆ ಗೆರೆಯ ಆಧಾರವೇ ಕುಸಿಯುತ್ತದೆ. ಸ್ನಾಯು ಕಡಿಮೆ ಇರುತ್ತದೆ ಎಂಬ ಊಹೆಯಿಂದ ಬಂದ ನಿಯಮವನ್ನು, ಸ್ನಾಯು ಹೆಚ್ಚಿದೆ ಎಂದು ಕಣ್ಣಿಗೇ ಕಾಣುವ ಮನುಷ್ಯನ ಮೇಲೆ ಹೇರಲಾಗುತ್ತಿದೆ. ಇಂಗ್ಲೆಂಡಿನಲ್ಲಿ ಇಂಗ್ಲಿಷ್ ತಂದೆತಾಯಿಗೆ ಹುಟ್ಟಿದ್ದರೆ ಅವನು ಅಧಿಕ ತೂಕದವನು ಮಾತ್ರ ಆಗುತ್ತಿದ್ದ. ದಾವಣಗೆರೆಯಲ್ಲಿ ಹುಟ್ಟಿದ್ದಕ್ಕೆ ಬೊಜ್ಜಿನ ರೋಗಿಯಾದ.

ಹಾಗೆಂದು ಬಿಎಂಐ ಹೆಚ್ಚಿರುವವರೆಲ್ಲ ತಮ್ಮದು ಸ್ನಾಯುವೆಂದು ಸಮಾಧಾನ ಪಟ್ಟುಕೊಳ್ಳುವುದನ್ನೂ ನಾನು ಒಪ್ಪುವುದಿಲ್ಲ. ಕೊಬ್ಬನ್ನು ಬಿಟ್ಟು ಉಳಿದ ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಇನ್ನೊಂದು ಸೂಚ್ಯಂಕವಿದೆ. ಕಸರತ್ತು ಮಾಡದ ಗಂಡಸರಲ್ಲಿ ಅದು ಸುಮಾರು 19ರ ಆಸುಪಾಸು ಇರುತ್ತದೆ. ನನ್ನ ತಮ್ಮನದು 22.9. ಸ್ಟೆರಾಯ್ಡ್ ಮುಟ್ಟದೆ ಮೈ ಬೆಳೆಸಿದವರಲ್ಲಿ ಅದು 25ನ್ನು ದಾಟುವುದು ಬಹಳ ವಿರಳ ಎಂಬುದನ್ನು 1995ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ ತೋರಿಸಿತು. ಆ ಮಿತಿಯನ್ನೇ ಮುಟ್ಟಿದ, ದೇಹದಲ್ಲಿ 12% ಕೊಬ್ಬಿರುವ ಮನುಷ್ಯನ ಬಿಎಂಐ ಲೆಕ್ಕ ಹಾಕಿದರೂ ಬರುವುದು 28.4. ಆದ್ದರಿಂದ 32, 33 ಬಿಎಂಐ ಇಟ್ಟುಕೊಂಡು ಎಲ್ಲವೂ ಸ್ನಾಯು ಎನ್ನುವವರು ಟೇಪು ಹಿಡಿದು ಸೊಂಟವನ್ನು ಒಮ್ಮೆ ಅಳೆದುಕೊಳ್ಳಲೇಬೇಕು. 2008ರಲ್ಲಿ ಪ್ರಕಟವಾದ ಅಮೆರಿಕದ ಮತ್ತೊಂದು ದೊಡ್ಡ ವಿಶ್ಲೇಷಣೆಯಲ್ಲೂ ಇದೇ ಚಿತ್ರ ಕಾಣುತ್ತದೆ. ಕೊಬ್ಬು ಹೆಚ್ಚಿಲ್ಲದ ಗಂಡಸರಲ್ಲಿ ನೂರಕ್ಕೆ ಐದು ಮಂದಿಯನ್ನು ಮಾತ್ರ 30ರ ಗೆರೆ ತಪ್ಪಾಗಿ ಬೊಜ್ಜಿನವರೆಂದು ಕರೆಯಿತು. ಆದರೆ ನಿಜಕ್ಕೂ ಕೊಬ್ಬು ಹೆಚ್ಚಿದ್ದ ಗಂಡಸರಲ್ಲಿ ಅದು ಗುರುತಿಸಿದ್ದು ನೂರಕ್ಕೆ 36 ಮಂದಿಯನ್ನಷ್ಟೇ. ತಪ್ಪಾಗಿ ಸಿಕ್ಕಿಬೀಳುವವರಿಗಿಂತ ತಪ್ಪಿಸಿಕೊಂಡು ಹೋಗುವವರೇ ಎಷ್ಟೋ ಹೆಚ್ಚು. ಸ್ನಾಯುವಂತರಿಗೆ ಅನ್ಯಾಯವಾಗುವುದು ಮುಖ್ಯವಾಗಿ 23ರಿಂದ 29ರ ನಡುವಿನ ಪಟ್ಟಿಯಲ್ಲಿ, ಮತ್ತು ಭಾರತದ ಗೆರೆಗಳು ಬಿದ್ದಿರುವುದು ಸರಿಯಾಗಿ ಅದೇ ಪಟ್ಟಿಯೊಳಗೆ.

ಸೊಂಟದ ಅಳತೆಯನ್ನು ತೆಗೆಯುವ ಕ್ರಮ ಗೊತ್ತಿಲ್ಲದೆ ಅನೇಕರು ಮೋಸ ಹೋಗುತ್ತಾರೆ. ಪ್ಯಾಂಟಿನ ಸೈಜು ಸೊಂಟದ ಸುತ್ತಳತೆ ಅಲ್ಲವೇ ಅಲ್ಲ; ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುವುದರಿಂದ ಇಪ್ಪತ್ತು ವರ್ಷಗಳಾದರೂ ಅವರ ಸೈಜು ಬದಲಾಗುವುದಿಲ್ಲ. ಬರಿಮೈಯಲ್ಲಿ ನೇರವಾಗಿ ನಿಂತು, ಪಕ್ಕದಲ್ಲಿ ಕೈಗೆ ಸಿಗುವ ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಿನ ಅಂಚು, ಇವೆರಡರ ನಡುಮಧ್ಯಕ್ಕೆ ಟೇಪು ಸುತ್ತಬೇಕು. ಟೇಪು ಹಿಂದೆ ಮುಂದೆ ಒಂದೇ ಮಟ್ಟದಲ್ಲಿರಬೇಕು, ಚರ್ಮವನ್ನು ಒತ್ತಬಾರದು, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಅಂಕಿಯನ್ನು ಓದಬೇಕು, ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳಬಾರದು. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಎಚ್ಚರಿಕೆಯ ಗೆರೆ. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಎಂಬ ಇನ್ನೊಂದು ಸೂತ್ರವನ್ನು ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿಯೂ 2022ರಲ್ಲಿ ಒಪ್ಪಿಕೊಂಡಿತು. ನನ್ನ ತಮ್ಮನ ಸೊಂಟ 81 ಸೆಂ.ಮೀ.; 170ರಿಂದ ಭಾಗಿಸಿದರೆ 0.48. ಹೆಗಲು, ತೊಡೆಗಳಲ್ಲಿ ಸ್ನಾಯು ಎಷ್ಟೇ ತುಂಬಿದ್ದರೂ ಸೊಂಟ ಅದಕ್ಕೆ ತಕ್ಕಂತೆ ದಪ್ಪವಾಗುವುದಿಲ್ಲ. ಬಿಎಂಐ ಎತ್ತಿದ ಪ್ರಶ್ನೆಗೆ ಟೇಪು ಇಷ್ಟು ನೇರವಾಗಿ ಉತ್ತರ ಕೊಡುವುದು ಇದರಿಂದಲೇ. ಮನೆಯಲ್ಲಿ ಬಳಸುವ, ಕೊಬ್ಬಿನ ಪ್ರಮಾಣ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅವು ಮೈಯಲ್ಲಿ ಸಣ್ಣ ವಿದ್ಯುತ್ ಹರಿಸಿ ನೀರಿನ ಅಂಶದಿಂದ ಲೆಕ್ಕ ಕಟ್ಟುವುದರಿಂದ, ನೀರು ಕುಡಿದ ಮೇಲೆ ಒಂದು, ಬೆವರು ಸುರಿಸಿ ಬಂದ ಮೇಲೆ ಇನ್ನೊಂದು ಅಂಕಿಯನ್ನು ತೋರಿಸಬಲ್ಲವು.

ಸ್ನಾಯು ಬೆಳೆಸಿದವರಿಗೆ ತಪಾಸಣೆಯ ವರದಿಯಲ್ಲಿ ಕಾದಿರುವ ಗೊಂದಲ ಬಿಎಂಐ ಒಂದೇ ಅಲ್ಲ. ಮೂತ್ರಪಿಂಡದ ಆರೋಗ್ಯ ತಿಳಿಯಲು ನೋಡುವ ಕ್ರಿಯಾಟಿನಿನ್ ಸ್ನಾಯುವಿನಿಂದಲೇ ಬರುವ ವಸ್ತು. ಸ್ನಾಯು ಹೆಚ್ಚಿದ್ದರೆ ಮೂತ್ರಪಿಂಡ ಚೆನ್ನಾಗಿದ್ದರೂ ಅದು ಗೆರೆ ದಾಟಬಹುದು; ಅಂಥವರಲ್ಲಿ ಅನುಮಾನ ಬಂದಾಗ ವೈದ್ಯರು ಸಿಸ್ಟಾಟಿನ್ ಸಿ ಎಂಬ, ಸ್ನಾಯುವಿನ ಪ್ರಮಾಣವನ್ನು ಅಷ್ಟಾಗಿ ಅವಲಂಬಿಸದ ಪರೀಕ್ಷೆಯನ್ನು ಮಾಡಿಸುತ್ತಾರೆ. ಹಾಗೆಯೇ ಯಕೃತ್ತಿನ ಪರೀಕ್ಷೆಯೆಂದು ನಾವು ಕರೆಯುವ ಎಎಸ್‌ಟಿ, ಎಎಲ್‌ಟಿ ಕಿಣ್ವಗಳು ಸ್ನಾಯುವಿನಲ್ಲೂ ಇರುವುದರಿಂದ, ಭಾರವಾದ ಕಸರತ್ತಿನ ನಂತರದ ಕೆಲವು ದಿನ ರಕ್ತದಲ್ಲಿ ಏರಿರುತ್ತವೆ. ಹೀಗಾಗಿ ರಕ್ತ ಕೊಡುವ ಮುಂಚಿನ ಕೆಲವು ದಿನ ಭಾರ ಎತ್ತದಿರುವುದು, ತಾನು ಕಸರತ್ತು ಮಾಡುವವನೆಂದು ವೈದ್ಯರಿಗೆ ಬಾಯಿಬಿಟ್ಟು ಹೇಳುವುದು ಅಗತ್ಯ. ವಿಮಾ ಕಂಪನಿಯ ಮೇಜಿನ ಮೇಲೆ ಈ ಮೂರೂ ಅಂಕಿಗಳು ಒಟ್ಟಿಗೆ ಬಂದರೆ ಗಟ್ಟಿಮುಟ್ಟಾದ ಯುವಕನೊಬ್ಬ ಬೊಜ್ಜು, ಮೂತ್ರಪಿಂಡ, ಯಕೃತ್ತು ಮೂರೂ ಕೆಟ್ಟವನಂತೆ ಕಾಣಿಸಬಹುದು.

ಸ್ನಾಯು ಇದ್ದ ಮಾತ್ರಕ್ಕೆ ಹೃದಯ ಸುರಕ್ಷಿತ ಎಂಬ ನಂಬಿಕೆಯೂ ಅಪಾಯಕಾರಿ. ಸ್ಟೆರಾಯ್ಡ್ ಚುಚ್ಚಿಕೊಂಡು ಬೆಳೆಸಿದ ಮೈಯಲ್ಲಿ ಒಳ್ಳೆಯ ಕೊಲೆಸ್ಟ್ರಾಲ್ ಕುಸಿದು ಹೃದಯದ ಗೋಡೆ ದಪ್ಪವಾಗುತ್ತದೆ. ಅದನ್ನು ಬಿಎಂಐ ಆಗಲಿ ಟೇಪಾಗಲಿ ಹಿಡಿಯಲಾರವು. ಕುತ್ತಿಗೆ ಬಹಳ ದಪ್ಪವಿರುವವರು ನಿದ್ದೆಯಲ್ಲಿ ಜೋರಾಗಿ ಗೊರಕೆ ಹೊಡೆದು ಉಸಿರು ಕಟ್ಟುತ್ತಿದ್ದರೆ, ಅದು ಸ್ನಾಯುವಿನ ಕುತ್ತಿಗೆಯಾಗಿದ್ದರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ನಮ್ಮ ಮೈಸೂರು ಸೀಮೆಯ ಗರಡಿ ಮನೆಗಳನ್ನು ಬಲ್ಲವರಿಗೆ ಇನ್ನೊಂದು ಸಂಗತಿಯೂ ಗೊತ್ತಿದೆ. ದಿನಕ್ಕೆ ನೂರಾರು ದಂಡ, ಬಸ್ಕಿ ಹೊಡೆಯುತ್ತಿದ್ದ ಪೈಲ್ವಾನರು ಕುಸ್ತಿ ಬಿಟ್ಟ ಮೇಲೂ ಬಾದಾಮಿ, ತುಪ್ಪ, ಹಾಲಿನ ಊಟವನ್ನು ಬಿಡುವುದಿಲ್ಲ. ವಯಸ್ಸು ಏರಿದಂತೆ ಸ್ನಾಯು ಕರಗಿ ಆ ಜಾಗಕ್ಕೆ ಕೊಬ್ಬು ಬರುತ್ತದೆ, ತೂಕ ಮಾತ್ರ ಅಷ್ಟೇ ಇರುತ್ತದೆ. ಇಪ್ಪತ್ತೈದರಲ್ಲಿ 28 ಇದ್ದ ಬಿಎಂಐ ಐವತ್ತೈದರಲ್ಲೂ 28. ಮೊದಲನೆಯ 28 ಸುಳ್ಳು ಎಚ್ಚರಿಕೆ, ಎರಡನೆಯದು ನಿಜವಾದದ್ದು, ಮತ್ತು ಅಂಕಿ ಒಂದೇ ಆಗಿರುವುದರಿಂದ ಪೈಲ್ವಾನರು ಎರಡನ್ನೂ ಸಮಾನವಾಗಿ ತಳ್ಳಿಹಾಕುತ್ತಾರೆ.

ವೈದ್ಯಕೀಯ ಲೋಕ ಈ ವಿಷಯದಲ್ಲಿ ಈಗಾಗಲೇ ಮುಂದೆ ಹೋಗಿದೆ. 2023ರಲ್ಲಿ ಅಮೆರಿಕದ ವೈದ್ಯರ ಸಂಘ ಬಿಎಂಐಯನ್ನು ಒಂಟಿಯಾಗಿ ಬಳಸುವುದರ ಮಿತಿಗಳನ್ನು ಅಧಿಕೃತವಾಗಿ ಒಪ್ಪಿಕೊಂಡಿತು. ಅದೇ ವರ್ಷ ಅಮೆರಿಕದ ಭೂಸೇನೆ, 600 ಅಂಕಗಳ ದೈಹಿಕ ಸಾಮರ್ಥ್ಯ ಪರೀಕ್ಷೆಯಲ್ಲಿ ಪ್ರತಿ ವಿಭಾಗದಲ್ಲೂ ಚೆನ್ನಾಗಿ ಮಾಡಿ 540 ಅಂಕ ಗಳಿಸಿದ ಸೈನಿಕರಿಗೆ ಕೊಬ್ಬಿನ ಅಳತೆಯಿಂದಲೇ ವಿನಾಯಿತಿ ಕೊಟ್ಟಿತು. 2025ರ ಜನವರಿಯಲ್ಲಿ ಲ್ಯಾನ್ಸೆಟ್ ಬಳಗದ ತಜ್ಞರ ಆಯೋಗ, ಒಬ್ಬ ವ್ಯಕ್ತಿಗೆ ಬೊಜ್ಜಿದೆ ಎಂದು ಹೇಳುವ ಮೊದಲು ಬಿಎಂಐ ಜೊತೆಗೆ ಸೊಂಟದ ಅಳತೆಯಂಥ ಇನ್ನೊಂದು ಅಳತೆಯಾದರೂ ಇರಬೇಕು, ಇಲ್ಲವೇ ಕೊಬ್ಬನ್ನೇ ನೇರವಾಗಿ ಅಳೆಯಬೇಕು ಎಂದಿತು. ಬಿಎಂಐ 40ನ್ನು ದಾಟಿದವರಲ್ಲಿ ಮಾತ್ರ ಈ ಎರಡನೆಯ ಅಳತೆ ಬೇಕಾಗದು. ಹಿಂದೆ ಉಳಿದಿರುವುದು ನಮ್ಮ ಫಾರಂಗಳು. ವಿಮಾ ಕಂಪನಿಗಳ, ಕಚೇರಿಗಳ ತಪಾಸಣಾ ಫಾರಂಗಳಲ್ಲಿ ಎತ್ತರ, ತೂಕದ ಪಕ್ಕದಲ್ಲಿ ಸೊಂಟದ ಸುತ್ತಳತೆಗೆ ಒಂದು ಕಾಲಂ ಸೇರಿಸಲು ಹೊಸ ಯಂತ್ರವೂ ಬೇಡ, ಹೊಸ ಸಿಬ್ಬಂದಿಯೂ ಬೇಡ. ದರ್ಜಿಯ ಬಳಿ ಇರುವಂಥ ಒಂದು ಟೇಪು ಸಾಕು. ಅಲ್ಲಿಯವರೆಗೆ ಇಂಥ ಅರ್ಜಿ ತುಂಬುವ ಕಸರತ್ತುಗಾರರು ತಮ್ಮ ಸೊಂಟದ ಅಳತೆಯನ್ನು ವೈದ್ಯರಿಂದಲೇ ಬರೆಸಿ, ಸಹಿ ಹಾಕಿಸಿ ಅರ್ಜಿಯ ಜೊತೆಗೆ ಲಗತ್ತಿಸಿ, ಪ್ರೀಮಿಯಂ ಏರಿಸಿದರೆ ಅದರ ಕಾರಣವನ್ನು ಲಿಖಿತವಾಗಿ ಕೇಳಬೇಕು. ನನ್ನ ತಮ್ಮ ಈಗ ಅದನ್ನೇ ಮಾಡಿದ್ದಾನೆ. ಉತ್ತರ ಇನ್ನೂ ಬರಬೇಕಿದೆ.