ಹಬೆ ಬನ್ ಚೆನ್ನಾಗಿ ಉಬ್ಬುತ್ತದೆ, ಆಮೇಲೆ ಯಾಕೆ ಮುದುಡುತ್ತದೆ?

ಪಲ್ಯ ತುಂಬಿದ ಹಬೆ ಬನ್ ಮನೆಯಲ್ಲಿ ಮಾಡಿದವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮುಚ್ಚಳ ತೆಗೆದಾಗ ದುಂಡಗೆ, ಬೆಳ್ಳಗೆ ಇತ್ತು. ತಟ್ಟೆಗೆ ಹಾಕುವಷ್ಟರಲ್ಲಿ ಸುಕ್ಕುಗಟ್ಟಿ ಚಪ್ಪಟೆ ಆಯ್ತು. ಮೈದಾ ಸರಿ ಇರಲಿಲ್ವಾ? ಯೀಸ್ಟ್ ಕಡಿಮೆ ಬಿತ್ತಾ?" ಮುಂದಿನ ಸಲ ಇನ್ನಷ್ಟು ಯೀಸ್ಟ್ ಹಾಕೋಣ ಎಂದು ತುಂಬಾ ಜನ ಆಗಲೇ ತೀರ್ಮಾನ ಮಾಡಿರುತ್ತಾರೆ. ದಯವಿಟ್ಟು ಹಾಕಬೇಡಿ. ನಮ್ಮ ಊರುಗಳಲ್ಲಿ ಈ ಬನ್ ಕೆಡುವುದು ಹಿಟ್ಟು ಹುದುಗದೆ ಅಲ್ಲ, ಬಹಳ ಸಲ ಜಾಸ್ತಿ ಹುದುಗಿ.

ಈ ತಿಂಡಿ ಚೀನಾದ್ದು. ಒಳಗೆ ಏನಾದರೂ ತುಂಬಿದ್ದರೆ ಬಾವ್‌ಜ಼, ಏನೂ ಇಲ್ಲದ್ದು ಮಾಂತೊ. ಮಾಂಸ ತುಂಬಿದ್ದು ಹೆಚ್ಚು ಪ್ರಸಿದ್ಧ. ಆದರೆ ಶಾಂಘೈ ಕಡೆ ಅಣಬೆ ಮತ್ತು ಹಸಿರು ಸೊಪ್ಪು ತುಂಬಿದ ಬನ್ ಕೂಡ ದಿನನಿತ್ಯದ ಬೆಳಗಿನ ತಿಂಡಿ. ನಮ್ಮ ರಾಜ್ಯದಲ್ಲೇ ಇದರ ಹತ್ತಿರದ ನೆಂಟನನ್ನು ನೋಡಬೇಕಾದರೆ ಬೈಲಕುಪ್ಪೆಗೆ ಹೋಗಿ. 1960ರ ದಶಕದಲ್ಲಿ ಅಲ್ಲಿ ಬಂದು ನೆಲೆಸಿದ ಟಿಬೆಟಿಯನ್ನರು ಮಾಡುವ ಟಿಂಗ್‌ಮೊ ಇದೇ ಥರ ಹುದುಗಿಸಿ ಹಬೆಯಲ್ಲಿ ಬೇಯಿಸಿದ ಬನ್. ಪದರ ಪದರವಾಗಿ ಸುತ್ತಿರುತ್ತಾರೆ, ಒಳಗೆ ಏನೂ ತುಂಬುವುದಿಲ್ಲ, ಪಲ್ಯಕ್ಕೋ ಸಾರಿಗೋ ಅದ್ದಿಕೊಂಡು ತಿನ್ನುತ್ತಾರೆ.

ಈಗ ಮುದುಡುವ ವಿಚಾರ. ಬೇಕರಿ ಬನ್ನಿನ ಮೇಲೆ ಕಂದು ಬಣ್ಣದ ಗಟ್ಟಿ ಪದರ ಇರುತ್ತದಲ್ವಾ, ಅದು ಸರಿಯಾಗಿ ಬರಬೇಕಾದರೆ ಮೇಲ್ಮೈಯ ಶಾಖ 140 ಡಿಗ್ರಿಯ ಆಸುಪಾಸಿಗೆ ಹೋಗಬೇಕು. ಇಡ್ಲಿ ಪಾತ್ರೆಯೊಳಗಿನ ಹಬೆ 100 ಡಿಗ್ರಿ ದಾಟುವುದಿಲ್ಲ. ಹಾಗಾಗಿ ಹಬೆ ಬನ್ನಿಗೆ ಆ ಗಟ್ಟಿ ಹೊದಿಕೆ ಇಲ್ಲ. ಅದನ್ನು ಎತ್ತಿ ಹಿಡಿಯುವುದು ಒಳಗಿನ ಜಾಲ ಮಾತ್ರ. ಹಿಟ್ಟು ಜಾಸ್ತಿ ಹುದುಗಿದರೆ ಒಳಗಿನ ಗುಳ್ಳೆಗಳು ದೊಡ್ಡದಾಗುತ್ತವೆ, ಅವುಗಳ ಗೋಡೆ ತೆಳ್ಳಗಾಗುತ್ತದೆ. ಬಿಸಿಯಲ್ಲಿ ಗಾಳಿ ಹಿಗ್ಗಿರುವಷ್ಟು ಹೊತ್ತು ಬನ್ ನಿಂತಿರುತ್ತದೆ. ಮುಚ್ಚಳ ತೆಗೆದು ತಣ್ಣನೆ ಗಾಳಿ ತಾಗಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ, ತೆಳ್ಳಗಿನ ಗೋಡೆ ತಡೆಯುವುದಿಲ್ಲ, ಬನ್ ಕೂತುಬಿಡುತ್ತದೆ.

ಜಾಸ್ತಿ ಹುದುಗುವುದಾದರೂ ಯಾಕೆ? ನಾವು ನೋಡಿ ಮಾಡುವ ರೆಸಿಪಿಗಳಲ್ಲಿ ಬಹಳಷ್ಟು ತಂಪು ದೇಶದವರು ಬರೆದದ್ದು. ಮೊದಲು ಒಂದು ಗಂಟೆ ಬಿಡಿ, ಬನ್ ಕಟ್ಟಿ ಮತ್ತೆ 40 ನಿಮಿಷ ಬಿಡಿ ಎಂದಿರುತ್ತದೆ. 20 ಡಿಗ್ರಿ ಅಡುಗೆಮನೆಗೆ ಅದು ಸರಿ. ಏಪ್ರಿಲ್‌ನಲ್ಲಿ ಮಂಗಳೂರಿನ ಅಡುಗೆಮನೆ 32 ಡಿಗ್ರಿ ದಾಟಿರುತ್ತದೆ. ಹತ್ತು ಡಿಗ್ರಿ ಏರಿದರೆ ಯೀಸ್ಟಿನ ಕೆಲಸ ಸುಮಾರು ಎರಡು ಪಟ್ಟು ಚುರುಕಾಗುತ್ತದೆ. ಬೇಸಿಗೆಯಲ್ಲಿ ಇಡ್ಲಿ ಹಿಟ್ಟು ಎಷ್ಟು ಬೇಗ ಉಕ್ಕುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲೂ ಅದೇ ಅಂದಾಜು ಬಳಸಬೇಕು, ಗಡಿಯಾರ ನಂಬಬಾರದು.

ನಾನು ಮಾಡುವುದು ಹೀಗೆ. 250 ಗ್ರಾಂ ಮೈದಾ, 3 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 20 ಗ್ರಾಂ ಸಕ್ಕರೆ, ಎರಡು ಟೀ ಚಮಚ ಎಣ್ಣೆ, ಚಿಟಿಕೆ ಉಪ್ಪು, ಸುಮಾರು 130 ಮಿಲಿ ನೀರು. ಬೇಸಿಗೆಯಾದರೆ ತಣ್ಣೀರು, ಡಿಸೆಂಬರ್‌ನಲ್ಲಾದರೆ ಉಗುರು ಬೆಚ್ಚಗಿನದು. ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿಯಾಗಿಯೇ ಇರಲಿ. ಹತ್ತು ನಿಮಿಷ ಚೆನ್ನಾಗಿ ನಾದಬೇಕು, ಇದರಲ್ಲಿ ಮಾತ್ರ ರಿಯಾಯಿತಿ ಇಲ್ಲ. ಹಿಟ್ಟಿನ ಮೈ ಒಂದೂ ಗೆರೆ ಇಲ್ಲದೆ ನುಣ್ಣಗಾಗಬೇಕು. ಈಗ ಉಳಿದ ಒರಟು ಬೆಂದ ಮೇಲೂ ಹಾಗೇ ಕಾಣುತ್ತದೆ.

ಒಂದು ಗಂಟೆ ಹುದುಗಿಸುವುದನ್ನು ನಾನು ಪೂರ್ತಿ ಬಿಡುತ್ತೇನೆ. ಒದ್ದೆ ಬಟ್ಟೆ ಮುಚ್ಚಿ ಹತ್ತು ನಿಮಿಷ ಇಟ್ಟರೆ ಹಿಟ್ಟು ಲಟ್ಟಿಸಲು ಬಗ್ಗುತ್ತದೆ, ಅಷ್ಟು ಸಾಕು. ಒಂಬತ್ತು ಉಂಡೆ ಮಾಡಿ, ಅಂಚು ತೆಳ್ಳಗೆ, ನಡು ದಪ್ಪ ಇರುವ ಹಾಗೆ ಲಟ್ಟಿಸಿ, ಪಲ್ಯ ಇಟ್ಟು, ನೆರಿಗೆ ಹಿಡಿದು ಮುಚ್ಚಿ. ಹುದುಗಬೇಕಾದ್ದೆಲ್ಲ ಇನ್ನು ಮೇಲೆ. ಬೇಸಿಗೆಯಲ್ಲಿ 20 ನಿಮಿಷಕ್ಕೇ ಆಗಬಹುದು, ಚಳಿಯಲ್ಲಿ 45 ಬೇಕಾಗಬಹುದು. ಬನ್ ಒಂದೂವರೆಯಷ್ಟಾದರೆ ಸಾಕು, ಎರಡರಷ್ಟು ಆಗಲು ಬಿಡಬೇಡಿ. ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಗುಳಿ ನಿಧಾನವಾಗಿ ಮೇಲೆ ಬಂದರೆ ಸರಿಯಾದ ಹದ. ಥಟ್ಟನೆ ಬಂದರೆ ಇನ್ನೂ ಹೊತ್ತಿದೆ. ಗುಳಿ ಹಾಗೇ ಉಳಿದರೆ ಹದ ದಾಟಿದೆ. ಕೈಗೆತ್ತಿಕೊಂಡರೂ ಗೊತ್ತಾಗುತ್ತದೆ, ಕಟ್ಟಿದಾಗ ಇದ್ದ ಭಾರ ಇಲ್ಲ ಅನ್ನಿಸಬೇಕು.

ಕೈ ಇನ್ನೂ ಪಳಗದಿದ್ದರೆ ಒಂಬತ್ತನೆಯದು ಕಟ್ಟುವಷ್ಟರಲ್ಲಿ ಮೊದಲನೆಯದು ಹದ ದಾಟಿರುತ್ತದೆ. ಅಂಥವರು ಅರ್ಧ ಹಿಟ್ಟನ್ನು ಫ್ರಿಜ್‌ನಲ್ಲಿಟ್ಟು ಅರ್ಧದಲ್ಲಿ ಕಟ್ಟಿ. ಬೇಯಿಸುವಾಗಲೂ ಮೊದಲು ಕಟ್ಟಿದ್ದು ಮೊದಲು ಒಲೆಗೆ.

ಬೇಯಿಸಲು ಬಿದಿರಿನ ಬುಟ್ಟಿ ಚಂದ. ಇಲ್ಲದಿದ್ದರೆ ಇಡ್ಲಿ ಪಾತ್ರೆಯಲ್ಲಿ ತೂತಿನ ತಟ್ಟೆ ಇಟ್ಟರೆ ಆಯ್ತು. ಬನ್ನಿನ ಕೆಳಗೆ ಬಾಳೆ ಎಲೆಯ ತುಂಡು ಹಾಕಿ. ಬಿದಿರು ಹಬೆಯ ನೀರನ್ನು ಹೀರಿಕೊಳ್ಳುತ್ತದೆ, ಸ್ಟೀಲಿನ ಮುಚ್ಚಳ ಹೀರುವುದಿಲ್ಲ. ಮುಚ್ಚಳದಿಂದ ನೀರು ತೊಟ್ಟಿಕ್ಕಿದ ಜಾಗದಲ್ಲೆಲ್ಲ ಬನ್ ಒಳಕ್ಕೆ ಕುಗ್ಗಿ ಅರೆಪಾರದರ್ಶಕವಾಗಿ, ಅಂಟಂಟಾಗಿ ನಿಲ್ಲುತ್ತದೆ. ಅದಕ್ಕೇ ಮುಚ್ಚಳಕ್ಕೆ ಒಂದು ತೆಳು ಬಟ್ಟೆ ಬಿಗಿದು ಕಟ್ಟಿ, ತುದಿಗಳನ್ನು ಮೇಲಕ್ಕೆ ಗಂಟು ಹಾಕಿ. ಉರಿ ಮಧ್ಯಮ ಇರಲಿ. 12 ರಿಂದ 14 ನಿಮಿಷ. ಬೆಂಗಳೂರು ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಸ್ವಲ್ಪ ಕಡಿಮೆ. ಅಂಥ ಊರಿನವರು ಒಂದು ನಿಮಿಷ ಸೇರಿಸಿಕೊಳ್ಳಿ.

ಒಲೆ ಆರಿಸಿದ ಕೂಡಲೇ ಮುಚ್ಚಳಕ್ಕೆ ಕೈ ಹಾಕಬೇಡಿ. ಮೊದಲು ಒಂದು ಚಮಚ ಸಿಕ್ಕಿಸಿ ಸಣ್ಣ ಸಂದು ಮಾಡಿ, ನಾಲ್ಕೈದು ನಿಮಿಷ ಬಿಡಿ. ಶಾಖ ಮೆಲ್ಲಗೆ ಇಳಿದರೆ ಬನ್ನಿನ ಗೋಡೆಗಳು ಗಟ್ಟಿಯಾಗಲು ಹೊತ್ತು ಸಿಗುತ್ತದೆ. ಇಷ್ಟು ಮಾಡಿಯೂ ಎಲ್ಲವೂ ಮುದುಡಿದರೆ ಆ ದಿನ ಹಿಟ್ಟು ಹದ ದಾಟಿತ್ತು ಎಂದೇ ಲೆಕ್ಕ.

ಪಲ್ಯದ ಕಡೆಯಿಂದಲೂ ಬನ್ ಕೆಡುತ್ತದೆ. ನೀರು ಬಿಡುವ ಪಲ್ಯ ಇಟ್ಟರೆ ತಳ ನೆನೆದು ಹಿಟ್ಟು ಬೇಯದೆ ಹಸಿಯಾಗಿ ಉಳಿಯುತ್ತದೆ. 200 ಗ್ರಾಂ ಎಲೆಕೋಸನ್ನು ಸಣ್ಣಗೆ ಹೆಚ್ಚಿ, ಉಪ್ಪು ಹಚ್ಚಿ ಕಾಲು ಗಂಟೆ ಬಿಟ್ಟು, ಎರಡೂ ಕೈಯಲ್ಲಿ ಹಿಂಡಿ ನೋಡಿ, ಎಷ್ಟು ನೀರು ಇಳಿಯುತ್ತದೆ ಎಂದು. ಆಮೇಲೆ ಎಣ್ಣೆಯಲ್ಲಿ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು ಹುರಿದು, ಕ್ಯಾರೆಟ್, ಬೀನ್ಸ್, ಹಿಂಡಿದ ಕೋಸು ಹಾಕಿ ದೊಡ್ಡ ಉರಿಯಲ್ಲಿ ಬಾಡಿಸಿ. ಸ್ವಲ್ಪ ಸೋಯಾ ಸಾಸ್, ಕುಟ್ಟಿದ ಕಾಳುಮೆಣಸು, ಕೊನೆಗೆ ಒಂದು ಚಮಚ ಎಳ್ಳೆಣ್ಣೆ. ಪೂರ್ತಿ ಆರಿದ ಮೇಲೆಯೇ ತುಂಬಬೇಕು. ಬಿಸಿ ಪಲ್ಯ ತಾಗಿದ ಹಿಟ್ಟು ಒಳಗಿಂದ ಬೇಗ ಬೇಗ ಹುದುಗತೊಡಗುತ್ತದೆ, ನೆರಿಗೆಯೂ ಅಂಟುವುದಿಲ್ಲ. ಚೀನೀ ರುಚಿ ಬೇಡ ಎನ್ನುವವರು ಬೇಕರಿಯ ಆಲೂ ಬನ್ನಿನಲ್ಲಿರುವಂಥ ಗರಂ ಮಸಾಲೆಯ ಪಲ್ಯ ತುಂಬಿ. ಆಲೂಗೆಡ್ಡೆ ನೀರನ್ನು ಹಿಡಿದುಕೊಳ್ಳುವುದರಿಂದ ಮೊದಲ ಸಲ ಮಾಡುವವರಿಗೆ ಅದೇ ಸುಲಭ.

ಒಂದು ಮಾತು ಕರಾವಳಿ ಮತ್ತು ಮಲೆನಾಡಿನವರಿಗೆ. ಸಿಚುವಾನ್ ಅಡುಗೆಯಲ್ಲಿ ನಾಲಿಗೆ ಜುಮ್ಮೆನ್ನಿಸುವ ಒಂದು ಮೆಣಸು ಬಳಸುತ್ತಾರೆ, ಅದನ್ನು ದುಬಾರಿ ಬೆಲೆ ಕೊಟ್ಟು ತರಿಸುವವರಿದ್ದಾರೆ. ನಮ್ಮ ಜುಮ್ಮನಕಾಯಿ, ಕೊಂಕಣಿಗರ ತೆಪ್ಪಳ, ಅದೇ ಕುಲದ ಮರದ ಕಾಯಿ. ಒಣಗಿದ ಕಾಯಿಯ ಕರಿ ಬೀಜ ತೆಗೆದು ಬಿಸಾಡಿ, ಸಿಪ್ಪೆಯನ್ನು ಮಾತ್ರ ಬೆಚ್ಚಗೆ ಮಾಡಿ ಪುಡಿ ಮಾಡಿ. ಕಾಲು ಚಮಚಕ್ಕಿಂತ ಕಡಿಮೆ ಸಾಕು. ಅಣಬೆಯ ಪಲ್ಯಕ್ಕೆ ಇದನ್ನು ಹಾಕಿದರೆ ಬರುವ ಘಮ ನನಗೆ ಬೇರೆ ಯಾವ ಮಸಾಲೆಯಲ್ಲೂ ಸಿಕ್ಕಿಲ್ಲ.

ಅಡುಗೆ ಸೋಡಾ ಹಾಕಬಹುದಾ ಎಂದೂ ಕೇಳುತ್ತಾರೆ. ಬೇಡ. ಸೋಡಾ ಸೇರಿದರೆ ಮೈದಾ ಹಳದಿಗೆ ತಿರುಗುತ್ತದೆ, ವಾಸನೆಯೂ ಉಳಿಯುತ್ತದೆ. ಗೋಧಿ ಹಿಟ್ಟು ಅರ್ಧದಷ್ಟು ಬೆರೆಸಬಹುದು. ನೀರು ಸ್ವಲ್ಪ ಹೆಚ್ಚು ಬೇಕು, ಬನ್ ಒಂಚೂರು ಗಟ್ಟಿ ಬರುತ್ತದೆ, ರುಚಿ ಚೆನ್ನಾಗಿರುತ್ತದೆ. ನೆರಿಗೆ ಹಿಡಿಯಲು ಬರದಿದ್ದರೆ ಸುಮ್ನೆ ಅಂಚುಗಳನ್ನು ಒಟ್ಟುಮಾಡಿ ಹಿಸುಕಿ, ಆ ಭಾಗ ಕೆಳಗೆ ಮಾಡಿ ಇಡಿ. ಉಳಿದ ಬನ್ ಆರಿದ ಮೇಲೆ ಫ್ರೀಜರ್‌ನಲ್ಲಿಡಿ. ಬೇಕಾದಾಗ ಕರಗಿಸುವ ಗೋಜಿಲ್ಲದೆ ನೇರ ಹಬೆಗೆ ಇಟ್ಟು ಹತ್ತು ನಿಮಿಷ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ.