ಡ್ಯಾಶ್‌ಕ್ಯಾಮ್ ಅಳವಡಿಕೆ: ವಾರಂಟಿಯಲ್ಲಿ ಬದಲಿ ಕ್ಯಾಮೆರಾ ದೊರೆತ ಹಂತ

ಹಳೆಯ ವ್ಯಾಗನ್‌ಆರ್‌ಗೆ ಮುಂದೊಂದು, ಹಿಂದೊಂದು ಕ್ಯಾಮೆರಾ ಅಳವಡಿಸುವ ಕೆಲಸವು ಮುಂದಿನ ಕ್ಯಾಮೆರಾ ಕೆಟ್ಟಿದ್ದರಿಂದ ಬೇಸಿಗೆಯಿಂದಲೂ ನಿಂತಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಒಂದು ವರ್ಷದ ವಾರಂಟಿಯೊಂದಿಗೆ ಕೊಂಡಿದ್ದ ಆ ಡ್ಯಾಶ್‌ಕ್ಯಾಮನ್ನು ಅಂಗಡಿಯವರು ಈಗ ಬದಲಾಯಿಸಿ ಕೊಟ್ಟಿದ್ದಾರೆ. ದೋಷವು ಕ್ಯಾಮೆರಾದ ಒಳಗೇ ಇದೆಯೆಂದು ತೋರಿಸಿದ ಬಗೆಯನ್ನು ತುಸು ವಿವರವಾಗಿಯೇ ಬರೆಯುತ್ತಿದ್ದೇನೆ; ಕೆಲಸ ಸಾಗಿದ್ದು ಅದರಿಂದಲೇ.

ಕೀ ತಿರುಗಿಸಿದಾಗಲೆಲ್ಲ ಪರದೆಯ ಮೇಲಿನ ದಿನಾಂಕ ಜನವರಿ 1ಕ್ಕೆ ಮರಳುತ್ತಿತ್ತು. ಜೊತೆಗೆ ಹಿಂದಿನ ಪ್ರಯಾಣದ ಕೊನೆಯ ವಿಡಿಯೊ ತುಣುಕು ತೆರೆಯುತ್ತಲೇ ಇರಲಿಲ್ಲ. ಈ ಎರಡನೆಯದೇ ಹೆಚ್ಚು ಗಂಭೀರವಾದದ್ದು. ಡ್ಯಾಶ್‌ಕ್ಯಾಮ್ ಚಿತ್ರೀಕರಣವನ್ನು ಮೂರು ಮೂರು ನಿಮಿಷದ ಕಡತಗಳಾಗಿ ಬರೆಯುತ್ತಾ ಹೋಗಿ, ಕಾರ್ಡು ತುಂಬಿದ ಮೇಲೆ ಹಳೆಯದನ್ನು ಅಳಿಸುತ್ತದೆ. ವಿದ್ಯುತ್ ನಿಂತ ಕ್ಷಣದಲ್ಲಿ ಬರೆಯುತ್ತಿದ್ದ ಕಡತವನ್ನು ಸರಿಯಾಗಿ ಮುಚ್ಚಲು ಅದಕ್ಕೆ ಇನ್ನೂ ಕೆಲವು ಸೆಕೆಂಡುಗಳ ಶಕ್ತಿ ಬೇಕು. ಆ ಶಕ್ತಿಯನ್ನು ಒಳಗಿನ ಸಣ್ಣ ಲಿಥಿಯಂ ಬ್ಯಾಟರಿ ಕೊಡುತ್ತದೆ. ಜೋರಾದ ಅಪಘಾತದಲ್ಲಿ ವೈರು ಕಿತ್ತುಹೋದರೆ ಯಾವ ತುಣುಕು ಬೇಕೋ ಅದೇ ತುಣುಕು ಕಳೆದುಹೋಗುವುದಾದರೆ, ಕ್ಯಾಮೆರಾ ಇದ್ದೂ ಪ್ರಯೋಜನವಿಲ್ಲ.

ಮುಂದಿನ ಗಾಜಿನಿಂದ ಬಿಚ್ಚಿ ಬೆಳಕಿನಲ್ಲಿ ಹಿಡಿದು ನೋಡಿದಾಗ, ಪರದೆಯ ಬದಿಯ ಪ್ಲಾಸ್ಟಿಕ್ ಅಂಚು ಒಂದು ಮೂಲೆಯಲ್ಲಿ ಉಗುರು ತೂರುವಷ್ಟು ಬಿಟ್ಟುಕೊಂಡಿತ್ತು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗೆ, ಅದರಲ್ಲೂ ಗಾಜಿಗೆ ಅಂಟಿಕೊಂಡ ಜಾಗದಲ್ಲಿ, ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಲಿಥಿಯಂ ಬ್ಯಾಟರಿ ಅಂಥ ಕಾವಿನಲ್ಲಿ ಅನಿಲ ತುಂಬಿಕೊಂಡು ಊದುತ್ತದೆ. ಊದಿದ ಬ್ಯಾಟರಿಯನ್ನು ಒತ್ತುವುದಾಗಲಿ, ಚುಚ್ಚುವುದಾಗಲಿ, ಕಾರಿನಲ್ಲೇ ಬಿಡುವುದಾಗಲಿ ಅಪಾಯಕಾರಿ. ತಿರುಪು ಬಿಚ್ಚಿ ಒಳಗೆ ನೋಡುವ ಆಸೆಯನ್ನೂ ತಡೆದುಕೊಳ್ಳಬೇಕು, ಏಕೆಂದರೆ ಸೀಲು ಹರಿದ ಮೇಲೆ ಯಾವ ಅಂಗಡಿಯೂ ವಾರಂಟಿಯ ಮಾತೆತ್ತುವುದಿಲ್ಲ.

ಅಂಗಡಿಗೆ ಹೋಗುವ ಮೊದಲು ಉಳಿದ ಕಾರಣಗಳನ್ನೆಲ್ಲ ಒಂದೊಂದಾಗಿ ಕೈಬಿಡುವಂತೆ ಪರೀಕ್ಷಿಸಿದೆ. ಮಲ್ಟಿಮೀಟರ್ ಇಟ್ಟು ನೋಡಿದರೆ ಎಂಜಿನ್ ಓಡುತ್ತಿರುವಾಗ ಸಾಕೆಟ್ಟಿನಲ್ಲಿ 14 ವೋಲ್ಟ್ ಆಸುಪಾಸು, ಅಡಾಪ್ಟರಿನಿಂದ ಸರಿಯಾಗಿ 5 ವೋಲ್ಟ್ ಬರುತ್ತಿತ್ತು. ಬೇರೆ ಮೆಮೊರಿ ಕಾರ್ಡು ಹಾಕಿ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿದರೂ, ವೈರು ಬದಲಿಸಿ ಮನೆಯಲ್ಲಿ ಪವರ್ ಬ್ಯಾಂಕಿಗೆ ಜೋಡಿಸಿದರೂ ದೋಷ ಹಾಗೆಯೇ ಇತ್ತು. ಪ್ಲಗ್ ಎಳೆದ ಕೂಡಲೇ ಪರದೆ ಕಪ್ಪಾಗುವುದನ್ನು, ಮತ್ತೆ ಜೋಡಿಸಿದಾಗ ದಿನಾಂಕ ಹಿಂದಕ್ಕೆ ಹೋಗಿರುವುದನ್ನು ಒಂದೇ ಓಟದಲ್ಲಿ ಮೊಬೈಲಿನಲ್ಲಿ ಚಿತ್ರಿಸಿಕೊಂಡೆ. ಬಿಲ್ಲಿನ ಜೆರಾಕ್ಸ್ ಪ್ರತಿಯನ್ನು ಕೊಂಡ ವಾರವೇ ಮಾಡಿಸಿದ್ದು ಒಳ್ಳೆಯದಾಯಿತು. ಥರ್ಮಲ್ ಕಾಗದದ ಮೂಲ ಬಿಲ್ಲಿನ ಅಕ್ಷರಗಳು ಅಷ್ಟರಲ್ಲಿ ಮಾಸಿದ್ದವು.

ಅಂಗಡಿಯಲ್ಲಿ ಮೊದಲು ಬಂದ ಉತ್ತರ, "ಕಾರ್ಡ್ ಪ್ರಾಬ್ಲಮ್ ಇರುತ್ತೆ ಸರ್, ಒಳ್ಳೆ ಕಾರ್ಡ್ ಹಾಕಿ ನೋಡಿ" ಎಂಬುದು. ವಿಡಿಯೊ ತೋರಿಸಿದ ಮೇಲೆ ಆ ಮಾತು ನಿಂತಿತು. ಬಳಿಕ ಮಾಲೀಕರು ಬಿಟ್ಟುಕೊಂಡ ಅಂಚನ್ನು ನೋಡಿ, "ಇದು ಫಿಸಿಕಲ್ ಡ್ಯಾಮೇಜ್, ವಾರಂಟಿಗೆ ಬರಲ್ಲ" ಎಂದರು. ಹೊರಮೈಯಲ್ಲಿ ಒಂದು ಗೀರಾಗಲಿ, ಪೆಟ್ಟಿನ ಗುರುತಾಗಲಿ ಇಲ್ಲವೆಂದೂ, ಒತ್ತಡ ಒಳಗಿನಿಂದ ಬಂದಿದೆಯೆಂದೂ, ಕಾರಿನ ಗಾಜಿಗೆ ಅಂಟಿಸಲೆಂದೇ ಮಾರುವ ವಸ್ತು ಬಿಸಿಲು ತಾಳದಿದ್ದರೆ ಅದು ವಸ್ತುವಿನ ದೋಷವೇ ಹೊರತು ಬಳಸಿದವರದ್ದಲ್ಲವೆಂದೂ ಸಮಾಧಾನವಾಗಿಯೇ ಹೇಳಿದೆ. ಬಿಲ್ಲಿನ ಕೆಳಗೆ "ಒಮ್ಮೆ ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ" ಎಂಬ ಸಾಲಿತ್ತು. ಆದರೆ ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ತಿಳಿಸಿದ ಅವಧಿಯೊಳಗೆ, ಅವಧಿ ತಿಳಿಸದಿದ್ದರೆ 30 ದಿನಗಳೊಳಗೆ, ವಾಪಸು ಪಡೆದು ಹಣ ಮರಳಿಸಲು ನಿರಾಕರಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ಮುದ್ರಿತ ಸಾಲೊಂದು ಕಾಯ್ದೆಯನ್ನು ಮೀರುವುದಿಲ್ಲ. ಅಗತ್ಯ ಬಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವ ಯೋಚನೆಯಿತ್ತು, ಅಷ್ಟು ದೂರ ಹೋಗಬೇಕಾಗಲಿಲ್ಲ. ದೋಷದ ವಿವರ, ಬಿಲ್ಲಿನ ಸಂಖ್ಯೆ, ಕ್ಯಾಮೆರಾದ ಸೀರಿಯಲ್ ಸಂಖ್ಯೆಗಳನ್ನು ಬರೆದಿದ್ದ ಪತ್ರದ ಎರಡನೆಯ ಪ್ರತಿಗೆ ಅಂಗಡಿಯ ಸೀಲು ಹಾಕಿ ದಿನಾಂಕ ಬರೆದುಕೊಡಿ ಎಂದು ಕೇಳಿದ ಮೇಲೆ ಮಾತಿನ ಧಾಟಿಯೇ ಬದಲಾಯಿತು.

ಅದೇ ಮಾದರಿಯನ್ನು ಕೊಡಲು ಅವರು ಸಿದ್ಧರಿದ್ದರು. ಮುಂದಿನ ಬೇಸಿಗೆಗೆ ಅದೇ ತೊಂದರೆ ಬರಬಾರದೆಂದು, ಬ್ಯಾಟರಿಯ ಬದಲು ಸೂಪರ್ ಕೆಪಾಸಿಟರ್ ಇರುವ ಮಾದರಿಯನ್ನು ವ್ಯತ್ಯಾಸದ ಹಣ ಕೊಟ್ಟು ತೆಗೆದುಕೊಂಡೆ. ಕೆಪಾಸಿಟರ್ ಹಿಡಿದಿಡುವುದು ಕೆಲವೇ ಸೆಕೆಂಡುಗಳ ಶಕ್ತಿಯನ್ನಾದರೂ ಕಡತ ಮುಚ್ಚಲು ಅಷ್ಟು ಸಾಕು, ಕಾವನ್ನೂ ಅದು ಚೆನ್ನಾಗಿ ತಾಳುತ್ತದೆ. ಹೊಸ ಸೀರಿಯಲ್ ಸಂಖ್ಯೆಯನ್ನು ಹಳೆಯ ಬಿಲ್ಲಿನ ಮೇಲೆಯೇ ಬರೆಸಿ ಸಹಿ ಮಾಡಿಸಿಕೊಂಡಿದ್ದೇನೆ. ಇಲ್ಲದಿದ್ದರೆ ಬದಲಿ ಕ್ಯಾಮೆರಾಕ್ಕೆ ದಾಖಲೆಯೇ ಇರುವುದಿಲ್ಲ. ಪ್ಲಗ್ ಎಳೆಯುವ ಪರೀಕ್ಷೆಯನ್ನು ಅಂಗಡಿಯ ಗಲ್ಲೆಯ ಮುಂದೆಯೇ ಮಾಡಿಸಿದೆ: ಕೊನೆಯ ತುಣುಕು ಪೂರ್ತಿಯಾಗಿ ತೆರೆಯಿತು.

ಮುಂದಿನ ಕೆಲಸವೆಂದರೆ, ಕಾರು ನಿಂತಾಗಲೂ ಕ್ಯಾಮೆರಾ ನಡೆಯುವಂತೆ ಫ್ಯೂಸ್ ಪೆಟ್ಟಿಗೆಯಿಂದ ನೇರವಾಗಿ ಸಂಪರ್ಕ ಕೊಡುವುದು. ಕಾರಿನ ಬ್ಯಾಟರಿ ಖಾಲಿಯಾಗದಂತೆ, 12 ವೋಲ್ಟಿನ ಹತ್ತಿರಕ್ಕೆ ಇಳಿದಾಗ ತಾನಾಗಿ ಕಡಿದುಕೊಳ್ಳುವ ಕಿಟ್ಟನ್ನು ಬಳಸಲಿದ್ದೇನೆ. ಹಿಂಬದಿ ಕ್ಯಾಮೆರಾದ ವೈರನ್ನು ಡಿಕ್ಕಿ ಬಾಗಿಲಿನ ರಬ್ಬರ್ ಕೊಳವೆಯೊಳಗಿಂದ ಎಳೆಯುವುದು ಆ ಬಳಿಕದ ಕೆಲಸ.